ಹೊಗೆಯಿಂದ ಪೆಟ್ರೋಲ್ ಮಾಡೋ ಪುಡಿ ಇದೆಯಾ? ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೋದ ಸಲ ಈ ಅಂಕಣದಲ್ಲಿ, ಕಾರ್ಬನ್ ಡೈಆಕ್ಸೈಡನ್ನ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಗೆ ದಾರಿ ಮಾಡಿಕೊಡೋ ವಸ್ತು) ಮೇಲೆ ಹಾಯಿಸಿ ಮೆಥನಾಲ್ (ಇಂಧನಕ್ಕೂ ಕೆಮಿಕಲ್ಲಿಗೂ ಬಳಸೋ ದ್ರವ) ಮಾಡಬಹುದು ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಇಷ್ಟು ಪ್ರಶ್ನೆ ಬರ್ತಾವೆ ಅಂದ್ಕೊಂಡಿರಲಿಲ್ಲ, ಅದಕ್ಕೇ ಈ ಸಲ ಬೇರೆ ವಿಷಯ ಇಲ್ಲ, ಇದೊಂದೇ. ಪ್ರತಿ ಸಲ ಕಾರ್ಬನ್ ಡೈಆಕ್ಸೈಡ್ ಅಂತ ಬರೆದ್ರೆ ಉದ್ದ ಆಗುತ್ತೆ, ಸಿಓಟು ಅಂತೀನಿ.

ಪ್ರಶ್ನೆ: ಮೇಷ್ಟ್ರೇ, ನಮ್ಮೂರಾಗೆ ಒಬ್ರು ಬಂದು ಮೀಟಿಂಗ್ ಮಾಡಿದ್ರು. ಹೊಗೆ ಕೊಳವೆಗೆ ಜೋಡಿಸೋ ಮಷಿನ್ನಂತೆ, ಒಳಗೆ ಒಂದು ಪುಡಿ ಇರ್ತತಂತೆ, ಅದು ಹೊಗೇನ ಪೆಟ್ರೋಲ್ ಮಾಡ್ತತಂತೆ, ಕರೆಂಟು ಬ್ಯಾಡ ಏನೂ ಬ್ಯಾಡ ಅಂತಾರೆ. ಐದು ಲಕ್ಷ ಹಾಕಿದ್ರೆ ಎರಡು ವರ್ಷಕ್ಕೆ ಡಬಲ್ ಅಂತ. ಅಡಿಕೆ ದುಡ್ಡು ಕೈಯಾಗೈತಿ, ಹಾಕ್ಲಾ?
ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು

ಉತ್ತರ: ಹಾಕಬೇಡಿ ಯಜಮಾನ್ರೆ. ಒಂದು ರೂಪಾಯಿನೂ ಹಾಕಬೇಡಿ. ಯಾಕೆ ಅಂತ ಪೂರ್ತಿ ಹೇಳ್ತೀನಿ, ಅವರು ಮತ್ತೆ ಬಂದ್ರೆ ಮೀಟಿಂಗಲ್ಲೇ ಎದ್ದು ನಿಂತು ಕೇಳೋಕೆ ನಿಮಗೆ ಬರಬೇಕು.

ಸಿಓಟು ಅಂದ್ರೆ ಉರಿದು ಮುಗಿದ ಮೇಲೆ ಉಳಿಯೋ ಬೂದಿ ಇದ್ದಂಗೆ, ಆದ್ರೆ ಗಾಳಿ ರೂಪದ ಬೂದಿ. ಕಟ್ಟಿಗೆ, ಡೀಸೆಲ್, ಗ್ಯಾಸು, ಯಾವುದೇ ಉರಿದ್ರೂ ಅದರಲ್ಲಿದ್ದ ಶಕ್ತಿಯೆಲ್ಲ ಬಿಸಿಯಾಗಿ ಹೋಗಿ ಕೊನೆಗೆ ಕಾರ್ಬನ್ ಬಂದು ಕೂತ್ಕೊಳ್ಳೋದು ಸಿಓಟುನಲ್ಲಿ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ರ ಹತ್ರ 2.3 ಕೆಜಿ ಸಿಓಟು ಬರುತ್ತೆ, ಜೊತೆಗೆ ಸುಮಾರು 9 ಯೂನಿಟ್ ಕರೆಂಟಿಗೆ ಸಮ ಆಗೋಷ್ಟು ಶಾಖ ಬರುತ್ತೆ. ಈಗ ಆ 2.3 ಕೆಜಿ ಸಿಓಟುನ ವಾಪಸ್ ಒಂದು ಲೀಟರ್ ಪೆಟ್ರೋಲ್ ಮಾಡ್ಬೇಕು ಅಂದ್ರೆ ಆ 9 ಯೂನಿಟ್ ಶಕ್ತೀನ ಯಾರಾದ್ರೂ ವಾಪಸ್ ತುಂಬಲೇಬೇಕು, ಬೇರೆ ದಾರಿನೇ ಇಲ್ಲ. ದಾರಿಯಲ್ಲಿ ಸೋರಿ ಹೋಗೋದನ್ನ ಸೇರಿಸಿದ್ರೆ ನಿಜವಾಗಿ ಬೇಕಾಗೋದು ಅದರ ಎರಡು ಪಟ್ಟು, ಇನ್ನೂ ಜಾಸ್ತೀನೇ. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡೀರಿ, ಬರೀ ಕರೆಂಟಿಗೇ ನೂರು ರೂಪಾಯಿ ದಾಟ್ತು. ಕರೆಂಟು ಬೇಡ, ಏನೂ ಬೇಡ ಅಂದಾಗ್ಲೇ ಆ ಮಾತು ಸುಳ್ಳು ಅಂತ ಗೊತ್ತಾಯ್ತಲ್ಲ.

ಹಂಗಾದ್ರೆ ಆ ಪುಡಿ, ಅಂದ್ರೆ ಕ್ಯಾಟಲಿಸ್ಟು, ಏನು ಮಾಡುತ್ತೆ? ದುರ್ಗದ ಕೋಟೆ ನೋಡಿದೀರಲ್ಲ, ಅದನ್ನ ಇಟ್ಕೊಂಡು ಹೇಳ್ತೀನಿ. ಹೈದರಾಲಿ ಸೈನ್ಯ ಹೊರಗೆ ನಿಂತಿದೆ, ಒಳಗೆ ಬರ್ಬೇಕು, ಮಧ್ಯ ಅಷ್ಟೆತ್ತರದ ಗೋಡೆ. ಹತ್ತೋಕಾಗಲ್ಲ. ಆಗ ಬಂಡೆ ಸಂದಿಯ ಒಂದು ಕಿಂಡಿ ಸಿಕ್ತು, ಒಬ್ಬೊಬ್ಬರಾಗಿ ಅದರಲ್ಲಿ ನುಸುಳಿದ್ರು. ಕ್ಯಾಟಲಿಸ್ಟ್ ಅಂದ್ರೆ ಆ ಕಿಂಡಿ. ಗೋಡೆ ಹತ್ತೋ ಕಷ್ಟ ತಪ್ಪಿಸುತ್ತೆ ಅಷ್ಟೇ, ಒಳಗಿನ ನೆಲ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿರುತ್ತೆ, ಹೊರಗಿನ ನೆಲ ಎಷ್ಟು ತಗ್ಗಲ್ಲಿದೆಯೋ ಅಷ್ಟೇ ತಗ್ಗಲ್ಲಿರುತ್ತೆ, ಕಿಂಡಿ ಇದೆ ಅಂತ ಬೆಟ್ಟ ತಗ್ಗಲ್ಲ. ಸಿಓಟು ಇರೋದು ತಗ್ಗಿನಲ್ಲಿ, ಪೆಟ್ರೋಲ್ ಇರೋದು ಬೆಟ್ಟದ ಮೇಲೆ. ಹತ್ತಿಸೋಕೆ ಎತ್ತು ಬೇಕು. ಆ ಎತ್ತು ಸಾಮಾನ್ಯವಾಗಿ ಹೈಡ್ರೋಜನ್, ಅದು ತನ್ನ ಹೊಟ್ಟೆಯಲ್ಲಿ ಶಕ್ತಿ ಇಟ್ಕೊಂಡು ಬರುತ್ತೆ, ಆ ಹೈಡ್ರೋಜನ್ ಮಾಡೋಕೆ ನೀರನ್ನ ಕರೆಂಟಿನಿಂದ ಒಡೀಬೇಕು. ಅಲ್ಲೇ ನೋಡಿ ಖರ್ಚೆಲ್ಲ ಇರೋದು.

ಕಿಂಡಿ ಕತೆಯಲ್ಲಿ ಇನ್ನೊಂದು ಭಾಗ ಇದೆ, ಅದೂ ಇಲ್ಲಿ ಸರಿಯಾಗಿ ಹೊಂದುತ್ತೆ. ಓಬವ್ವ ಒನಕೆ ಹಿಡ್ಕೊಂಡು ಕಿಂಡಿ ಬಾಯಲ್ಲಿ ನಿಂತ ಮೇಲೆ ಒಬ್ಬನೂ ಒಳಗೆ ಬರ್ಲಿಲ್ಲ. ಕ್ಯಾಟಲಿಸ್ಟಿಗೆ ಹಂಗೆ ಬಂದು ನಿಲ್ಲೋದು ಗಂಧಕ. ಮೆಥನಾಲ್ ಮಾಡೋ ತಾಮ್ರದ ಕ್ಯಾಟಲಿಸ್ಟಿಗೆ ಬರೋ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಗಂಧಕ ಇದ್ರೂ ಅದು ತಾಮ್ರದ ಮೇಲೆ ಹೋಗಿ ಕೂತ್ಕೊಂಡು ಜಾಗ ಬಿಡಲ್ಲ, ದಿನ ಹೋದಂಗೆ ಕ್ಯಾಟಲಿಸ್ಟ್ ಸತ್ತೇ ಹೋಗುತ್ತೆ. ಹೊಗೆ ಕೊಳವೆಗೆ ನೇರ ಜೋಡಿಸ್ತೀವಿ ಅಂತಾರಲ್ಲ, ಹೊಗೆ ತೊಳೆಯೋ ಘಟಕ ಎಲ್ಲಿ ಅಂತ ಕೇಳಿ. ಹೈಡ್ರೋಜನ್ ಎಲ್ಲಿಂದ ತರ್ತೀರಿ ಅಂತ ಕೇಳಿ. ಈ ಎರಡು ಪ್ರಶ್ನೆ ಸಾಕು.

ಆದ್ರೆ ಒಂದು ಮಾತು ಯಜಮಾನ್ರೆ, ನಿಮಗೆ ಹೇಳಿದೋರು ಸುಳ್ಳು ಹೇಳಿರಬಹುದು, ವಿಜ್ಞಾನ ಸುಳ್ಳಲ್ಲ. ಐಸ್‌ಲ್ಯಾಂಡಿನ ಸ್ವಾರ್ಟ್ಸೆಂಗಿ ಅನ್ನೋ ಜಾಗದಲ್ಲಿ 2012ರಲ್ಲಿ ಒಂದು ಘಟಕ ಶುರುವಾಯ್ತು, ನೆಲದಾಳದ ಬಿಸಿಯಿಂದ ಕರೆಂಟ್ ತೆಗೆಯೋ ಸ್ಟೇಷನ್ನಿನ ಪಕ್ಕದಲ್ಲೇ, ಅಲ್ಲಿಂದ ಬರೋ ಸಿಓಟು ಹಿಡಿದು, ಅಲ್ಲಿನ ಕರೆಂಟಿಂದಲೇ ನೀರು ಒಡೆದು ಹೈಡ್ರೋಜನ್ ಮಾಡಿ, ವರ್ಷಕ್ಕೆ 4000 ಟನ್ ಮೆಥನಾಲ್ ಮಾಡೋ ಸಾಮರ್ಥ್ಯದ್ದು. ಅದಕ್ಕೆ ಜಾರ್ಜ್ ಓಲಾ ಅವರ ಹೆಸರಿಟ್ಟಿದಾರೆ, 1994ರಲ್ಲಿ ಕೆಮಿಸ್ಟ್ರಿ ನೊಬೆಲ್ ತಗೊಂಡೋರು, ಪೆಟ್ರೋಲ್ ಬದಲು ಮೆಥನಾಲ್ ಇಟ್ಕೊಂಡು ಜಗತ್ತು ನಡೆಸಬಹುದು ಅಂತ ವರ್ಷಾನುಗಟ್ಟಲೆ ವಾದ ಮಾಡಿದೋರು. ಚೀನಾದ ಆನ್ಯಾಂಗ್‌ನಲ್ಲಿ 2022ರಲ್ಲಿ ಶುರುವಾದದ್ದು ಇನ್ನೂ ದೊಡ್ಡದು, ವರ್ಷಕ್ಕೆ 1,10,000 ಟನ್. ಅಲ್ಲಿ ಹೈಡ್ರೋಜನ್ ಬರೋದು ಕಲ್ಲಿದ್ದಲು ಕಾಯಿಸಿ ಕೋಕ್ ಮಾಡೋ ಒಲೆಯ ಗ್ಯಾಸಿನಿಂದ. ಎರಡೂ ಕಡೆ ಶಕ್ತಿ ಎಲ್ಲಿಂದ ಬರುತ್ತೆ ಅನ್ನೋದು ಬಹಿರಂಗವಾಗೇ ಇದೆ ನೋಡಿ, ಯಾವ ಪುಡಿಯೊಳಗೂ ಬಚ್ಚಿಟ್ಟಿಲ್ಲ.

ಪ್ರಶ್ನೆ: ಸಿಓಟುನ ಕೆಲಸಕ್ಕೆ ಹಚ್ಚೋದು ಹೊಸ ವಿಷಯ ಅನ್ನೋ ತರ ಬರೆದಿದ್ರಿ. ನಾನು ಗೊಬ್ಬರದ ಅಂಗಡಿ ಇಟ್ಟೋನು, ಯೂರಿಯಾ ಸಿಓಟುಯಿಂದಲೇ ಮಾಡೋದು ಅಂತ ಕೇಳಿದೀನಿ. ಸರಿನಾ?
ಗೊಬ್ಬರ ವ್ಯಾಪಾರಿ, ಹರಿಹರ

ಉತ್ತರ: ನೂರಕ್ಕೆ ನೂರು ಸರಿ. ನಾನೇ ಬರೀಬೇಕಿತ್ತು. ಜಗತ್ತಲ್ಲಿ ಕಾರ್ಖಾನೆಗಳು ಸಿಓಟುನ ಅತಿ ಹೆಚ್ಚು ಬಳಸೋದು ಯೂರಿಯಾಕ್ಕೇನೇ, 1922ರಿಂದ ಈ ಕೆಲಸ ನಡೀತಿದೆ. ನಿಮ್ಮ ಅಂಗಡಿಯ 45 ಕೆಜಿ ಚೀಲ ಇದೆಯಲ್ಲ, ಅದನ್ನ ಮಾಡೋಕೆ ಹತ್ರ ಹತ್ರ 33 ಕೆಜಿ ಸಿಓಟು, 25 ಕೆಜಿ ಚಿಲ್ಲರೆ ಅಮೋನಿಯಾ ಸೇರಿರುತ್ತೆ, ಮಿಕ್ಕಿದ್ದು ನೀರಾಗಿ ಹೊರಗೆ ಹೋಗುತ್ತೆ. ಇವೆರಡನ್ನ ಸೇರಿಸೋಕೆ ಒತ್ತಡ ಮತ್ತು ಬಿಸಿ ಸಾಕು, ಕ್ಯಾಟಲಿಸ್ಟ್ ಬೇಕಾಗಲ್ಲ. ಕ್ಯಾಟಲಿಸ್ಟ್ ಬೇಕಾಗೋದು ಅದರ ಹಿಂದಿನ ಹೆಜ್ಜೆಗೆ, ಗಾಳಿಯ ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡೋದಕ್ಕೆ, ಅಲ್ಲಿ ಕಬ್ಬಿಣ.

ಆದ್ರೆ ಇದರಿಂದ ವಾತಾವರಣಕ್ಕೆ ಉಪಕಾರ ಆಯ್ತು ಅಂತ ಹೇಳೋಕಾಗಲ್ಲ. ಒಂದನೇದು, ಆ 33 ಕೆಜಿ ಸಿಓಟು ಬರೋದೇ ಅದೇ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆಯೋವಾಗ. ಎರಡನೇದು ನಿಮ್ಮ ಗಿರಾಕಿಗಳಿಗೆಲ್ಲ ಗೊತ್ತಿರೋದು: ಭದ್ರಾ ನಾಲೆ ಬಿಟ್ಟಾಗ ಗದ್ದೆಗೆ ಯೂರಿಯಾ ಎರಚಿದ ಒಂದೆರಡು ದಿನಕ್ಕೆ ಬದುವಿನ ಮೇಲೆ ನಿಂತ್ರೆ ಮೂಗಿಗೆ ಖಾರವಾಗಿ ಒಂದು ವಾಸನೆ ಹೊಡೆಯುತ್ತಲ್ಲ, ಅದು ಅಮೋನಿಯಾ. ಮಣ್ಣಲ್ಲಿರೋ ಯೂರಿಯೇಸ್ ಅನ್ನೋ ಎನ್‌ಜೈಮ್, ಅದೂ ಒಂದು ಕ್ಯಾಟಲಿಸ್ಟೇ, ಯೂರಿಯಾನ ಮತ್ತೆ ಒಡೆದು ಅಮೋನಿಯಾ ಒಂದು ಕಡೆ ಸಿಓಟು ಒಂದು ಕಡೆ ಮಾಡುತ್ತೆ. ಕಾರ್ಖಾನೆಯಲ್ಲಿ ಅಷ್ಟು ಒತ್ತಡ ಹಾಕಿ ಕಟ್ಟಿದ್ದನ್ನ ಮಣ್ಣು ಕೆಲವೇ ದಿನದಲ್ಲಿ ಬಿಚ್ಚುತ್ತೆ. ಅದಕ್ಕೇ ನಾನು ಯಾವಾಗ್ಲೂ ಕೇಳೋದು, ಸಿಓಟು ಏನಾಯ್ತು ಅಂತಷ್ಟೇ ಅಲ್ಲ, ಅಲ್ಲಿ ಎಷ್ಟು ದಿನ ಇರುತ್ತೆ ಅಂತ. ಯೂರಿಯಾದಲ್ಲಿ ಕೆಲವು ದಿನ, ಇಂಧನದಲ್ಲಿ ಉರಿಯೋವರೆಗೆ, ಹಾಸಿಗೆಯ ಫೋಮ್‌ನಲ್ಲಾದ್ರೆ ಹತ್ತಾರು ವರ್ಷ. ಫೋಮ್ ಅಂದದ್ದು ಸುಮ್ನೆ ಅಲ್ಲ, ಜರ್ಮನಿಯ ಡೋರ್ಮಾಗೆನ್‌ನಲ್ಲಿ 2016ರಿಂದ ಕೋವೆಸ್ಟ್ರೋ ಕಂಪನಿ ಸಿಓಟು ಸೇರಿಸಿ ಫೋಮಿನ ಕಚ್ಚಾವಸ್ತು ಮಾಡ್ತಿದೆ, ಅದರಲ್ಲಿ 20 ಪರ್ಸೆಂಟ್‌ವರೆಗೆ ಸಿಓಟು ಇರುತ್ತೆ. ಅಲ್ಲಿ ಸರಿಯಾದ ಕ್ಯಾಟಲಿಸ್ಟ್ ಹುಡುಕೋದೇ ಹಲವು ವರ್ಷದ ಕೆಲಸ ಆಗಿತ್ತು.

ತಲೆನೋವಿಗೆ ನುಂಗೋ ಆಸ್ಪಿರಿನ್ನೂ ಇದೇ ಬಳಗದ್ದೇ, ಅದರ ಮೂಲವಸ್ತು ಸ್ಯಾಲಿಸಿಲಿಕ್ ಆಸಿಡನ್ನ 19ನೇ ಶತಮಾನದಿಂದಲೂ ಸಿಓಟು ಒತ್ತಿ ಸೇರಿಸಿಯೇ ಮಾಡ್ತಾ ಬಂದಿದಾರೆ.

ಪ್ರಶ್ನೆ: ನಂದು ಮಂಡಕ್ಕಿ ಭಟ್ಟಿ. ಹೊಟ್ಟು ಉರಿಸ್ತೀವಿ, ಹಿಂದೆ ಟೈರ್ ಹಾಕ್ತಿದ್ದೋರೂ ಇದ್ರು. ಅಕ್ಕಪಕ್ಕದೋರು ಹೊಗೆ ಅಂತ ಜಗಳ ತೆಗೀತಾರೆ. ನಮ್ಮ ಹೊಗೆಯಿಂದಾನೂ ಕೆಮಿಕಲ್ ಮಾಡಿದ್ರೆ ಜಗಳನೂ ಮುಗೀತತಿ, ಕಾಸೂ ಬರ್ತತಿ ಅಲ್ವಾ ಸರ್?
ಭಟ್ಟಿ ಮಾಲೀಕರು, ದಾವಣಗೆರೆ

ಉತ್ತರ: ನಿಮ್ಮ ಯೋಚನೆ ಒಳ್ಳೇದೇ ಅಣ್ಣಾರೆ, ಆದ್ರೆ ಎರಡು ಬೇರೆ ವಿಷಯ ಸೇರ್ಕೊಂಡಿದಾವೆ. ನೆರೆಯವರು ಜಗಳ ಮಾಡೋದು ಸಿಓಟು ಬಗ್ಗೆ ಅಲ್ಲ, ಸಿಓಟುಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣಿಗೇ ಕಾಣಲ್ಲ. ಬಟ್ಟೆ ಒಣಹಾಕಿದ್ರೆ ಕಪ್ಪಾಗುತ್ತಲ್ಲ, ಅದು ಮಸಿ, ಅಂದ್ರೆ ಪೂರ್ತಿ ಉರೀದೆ ಉಳಿದ ಕಾರ್ಬನ್ನು. ಮಸಿಗೆ ಮದ್ದು ಕ್ಯಾಟಲಿಸ್ಟ್ ಅಲ್ಲ, ಒಲೆಗೆ ಸರಿಯಾಗಿ ಗಾಳಿ ಬರೋ ಹಂಗೆ ಮಾಡೋದು, ಹೊಟ್ಟು ಒದ್ದೆ ಇರದಂಗೆ ನೋಡ್ಕೊಳ್ಳೋದು, ಚಿಮಣಿಗೆ ಧೂಳು ಹಿಡಿಯೋ ವ್ಯವಸ್ಥೆ ಇಡೋದು. ಟೈರ್ ಮಾತ್ರ ಯಾವತ್ತೂ ಬೇಡ, ರಬ್ಬರನ್ನ ಗಟ್ಟಿ ಮಾಡೋಕೆ ಗಂಧಕ ಹಾಕಿರ್ತಾರೆ, ಅದು ಉರಿದ್ರೆ ಮೊದಲು ಹಾಳಾಗೋದು ಭಟ್ಟಿ ಮುಂದೆ ಇಡೀ ದಿನ ನಿಂತು ಮರಳಲ್ಲಿ ಅಕ್ಕಿ ಹುರಿಯೋರ ಎದೆ.

ಇನ್ನು ಸಿಓಟು. ಯಾವ ಹೊಗೆಯಲ್ಲೂ ಬಹುಪಾಲು ನೈಟ್ರೋಜನ್ನೇ ಇರೋದು, ಕಲ್ಲಿದ್ದಲು ಸ್ಟೇಷನ್ನಿನ ಹೊಗೆಯಲ್ಲೂ ಸಿಓಟು 12ರಿಂದ 15 ಪರ್ಸೆಂಟ್ ಅಷ್ಟೇ. ಅದನ್ನ ಬೇರ್ಪಡಿಸೋಕೆ ಅಮೀನ್ ಅನ್ನೋ ದ್ರಾವಣದಲ್ಲಿ ಹೊಗೆ ತೊಳೀತಾರೆ, ಅದು ಸಿಓಟುನ ಹಿಡ್ಕೊಳ್ಳುತ್ತೆ, ಆಮೇಲೆ 120 ಡಿಗ್ರಿ ಹತ್ರ ಕಾಯಿಸಿದ್ರೆ ಬಿಡುತ್ತೆ. ತೂತ್ತುಕುಡಿಯ ಒಂದು ಸೋಡಾ ಆ್ಯಶ್ ಕಾರ್ಖಾನೆ 2016ರಿಂದ ತನ್ನ ಬಾಯ್ಲರ್ ಹೊಗೆಯನ್ನೇ ಹೀಗೆ ಹಿಡಿಯೋ ಘಟಕ ಇಟ್ಕೊಂಡಿದೆ, ವರ್ಷಕ್ಕೆ 60,000 ಟನ್ ಸಿಓಟು ಹಿಡಿಯೋ ಲೆಕ್ಕದ್ದು. ಇಷ್ಟು ದೊಡ್ಡ ಚಿಮಣಿ ಒಂದೇ ಕಡೆ ಇದ್ರೆ ಇದು ಸಾಧ್ಯ, ಬೀದಿಗೊಂದು ಭಟ್ಟಿ ಇರೋ ಕಡೆ ಘಟಕದ ಬಡ್ಡಿ ಕಟ್ಟೋಕೂ ಆಗಲ್ಲ. ಅಲ್ಲದೆ ನಿಮ್ಮ ಭತ್ತದ ಹೊಟ್ಟಿನ ಕಾರ್ಬನ್ ಹೋದ ಬೆಳೆಯಲ್ಲಿ ಗಾಳಿಯಿಂದಲೇ ಬಂದಿದ್ದು, ಅದು ಗಾಳಿಗೇ ವಾಪಸ್ ಹೋಗುತ್ತೆ, ಆ ಲೆಕ್ಕದಲ್ಲಿ ನೀವು ಕಲ್ಲಿದ್ದಲು ಸುಡೋರಿಗಿಂತ ಎಷ್ಟೋ ಮೇಲು.

ನಮ್ಮ ಸುತ್ತಮುತ್ತ ಸಿಓಟುನ ನಿಜವಾಗಿ ಹಿಡಿಯೋಕೆ ಒಳ್ಳೇ ಜಾಗ ಯಾವುದು ಅಂತ ಕೇಳಿದ್ರೆ ನಾನು ಎಥನಾಲ್ ಘಟಕಗಳ ಕಡೆ ಕೈ ತೋರಿಸ್ತೀನಿ. ಕಬ್ಬಿನ ಕಾಕಂಬಿನೋ ಮೆಕ್ಕೆಜೋಳನೋ ಹುದುಗಿದಾಗ 92 ಕೆಜಿ ಆಲ್ಕೋಹಾಲ್ ಬಂದ್ರೆ ಜೊತೆಗೇ 88 ಕೆಜಿ ಸಿಓಟು ಬರುತ್ತೆ, ಹೆಚ್ಚುಕಮ್ಮಿ ಸಮಸಮ, ಅದೂ ಬಹುಪಾಲು ಶುದ್ಧ, ಮಸಿ ಇಲ್ಲ, ನೈಟ್ರೋಜನ್ ಬೇರ್ಪಡಿಸೋ ಕೆಲಸ ಇಲ್ಲ. ಈಗ ಕೆಲವರು ಅದನ್ನ ಹಿಡಿದು ಕೂಲ್‌ಡ್ರಿಂಕ್ಸಿಗೆ, ಡ್ರೈ ಐಸಿಗೆ ಕೊಡ್ತಾರೆ, ಉಳಿದದ್ದು ಆಕಾಶಕ್ಕೆ. ಮೆಕ್ಕೆಜೋಳದ ಜಿಲ್ಲೆಯಲ್ಲಿ ಕೂತ್ಕೊಂಡು ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ನನಗೆ.

ಪ್ರಶ್ನೆ: ಮೆಥನಾಲ್ ಕುಡಿಯೋ ಆಲ್ಕೋಹಾಲ್ ತರಾನೇನಾ?
ಹೆಸರು ಬೇಡ, ಜಗಳೂರು

ಉತ್ತರ: ಅಲ್ಲವೇ ಅಲ್ಲ. ಅದು ವಿಷ. ಒಂದೆರಡು ಚಮಚ ಹೊಟ್ಟೆಗೆ ಹೋದ್ರೂ ಕಣ್ಣು ಹೋಗಬಹುದು, ಜೀವನೂ ಹೋಗಬಹುದು. ಕಳ್ಳಬಟ್ಟಿ ದುರಂತಗಳಲ್ಲಿ ಜನ ಸಾಯೋದು ಬಹುತೇಕ ಇದರಿಂದಲೇ. ಪ್ಲೈವುಡ್ಡಿನ ಅಂಟಿಗೆ ಬೇಕಾದ ಫಾರ್ಮಾಲ್ಡಿಹೈಡ್, ಅಸಿಟಿಕ್ ಆಸಿಡ್, ಬಯೋಡೀಸೆಲ್, ಇವುಗಳಿಗೆ ಅದು ಬೇಕು, ಬಾಯಿಗೆ ಬೇಡ.

ಪ್ರಶ್ನೆ: ನಮ್ಮ ಜೋಗಿಮಟ್ಟಿ ಗುಡ್ಡದ ಸಾಲಲ್ಲಿ ಇಷ್ಟೊಂದು ಗಾಳಿ ಫ್ಯಾನ್ ತಿರುಗ್ತಾವೆ, ಆ ಕರೆಂಟಿಂದ ಈ ಮೆಥನಾಲ್ ಮಾಡೋಕಾಗಲ್ವಾ? ನೀರು ಎಷ್ಟು ಬೇಕು? ನಮ್ದು ಬರದ ಜಿಲ್ಲೆ.
ನಿವೃತ್ತ ನೌಕರರು, ಚಿತ್ರದುರ್ಗ

ಉತ್ತರ: ಕೈ ಲೆಕ್ಕ ಹಾಕಿ ನೋಡೋಣ. 44 ಕೆಜಿ ಸಿಓಟು, 6 ಕೆಜಿ ಹೈಡ್ರೋಜನ್ ಸೇರಿದ್ರೆ 32 ಕೆಜಿ ಮೆಥನಾಲ್, 18 ಕೆಜಿ ನೀರು. ಒಂದು ಕೆಜಿ ಹೈಡ್ರೋಜನ್ ತೆಗೆಯೋಕೆ ಇವತ್ತಿನ ಯಂತ್ರಗಳಲ್ಲಿ 50ರಿಂದ 55 ಯೂನಿಟ್ ಬೇಕು. ಅಂದ್ರೆ ಒಂದು ಟನ್ ಮೆಥನಾಲಿಗೆ 10,000 ಯೂನಿಟ್ ಹತ್ರ ಹೋಗುತ್ತೆ, ತಿಂಗಳಿಗೆ ನೂರು ಯೂನಿಟ್ ಉರಿಸೋ ಮನೆಗೆ ಎಂಟು ವರ್ಷದ ಕರೆಂಟು ಅದು. 2 ಮೆಗಾವ್ಯಾಟಿನ ಒಂದು ಫ್ಯಾನು, ಗಾಳಿ ಇರೋದು ಇಲ್ಲದ್ದು ಎಲ್ಲ ಸೇರಿ ಕಾಲು ಭಾಗ ಸಾಮರ್ಥ್ಯದಲ್ಲಿ ಓಡುತ್ತೆ ಅಂತ ಹಿಡಿದ್ರೆ ದಿನಕ್ಕೆ 12,000 ಯೂನಿಟ್ ಕೊಡುತ್ತೆ. ಅಲ್ಲಿಗೆ ಒಂದು ಫ್ಯಾನಿಗೆ ದಿನಕ್ಕೆ ಒಂದು ಟನ್ನಿನ ಆಸುಪಾಸು. ಕಮ್ಮಿ ಏನಲ್ಲ.

ನೀರಿನ ಭಯ ಇಲ್ಲಿ ಅಷ್ಟಾಗಿ ಬೇಡ. 6 ಕೆಜಿ ಹೈಡ್ರೋಜನ್ನಿಗೆ 54 ಕೆಜಿ ನೀರು ಒಡೀಬೇಕು, 18 ಕೆಜಿ ವಾಪಸ್ ಬರುತ್ತೆ. ಟನ್ ಮೆಥನಾಲಿಗೆ 1,700 ಲೀಟರ್ ಚಿಲ್ಲರೆ, ಊರಿಗೆ ಬರೋ ಟ್ಯಾಂಕರ್ ಒಂದರಲ್ಲಿ ಎರಡು ಮೂರು ಟನ್ ಆಗುತ್ತೆ. ತಣಿಸೋಕೆ ಬೇರೆ ನೀರು ಬೇಕು ನಿಜ, ಆದ್ರೂ ಒಂದು ಎಕರೆ ಭತ್ತಕ್ಕೆ ಹರಿಸೋದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಕಷ್ಟ ಇರೋದು ಬೇರೆ ಕಡೆ: ಗಾಳಿ ಆಷಾಢದಲ್ಲಿ ಮೈ ಮರೆತು ಬೀಸುತ್ತೆ, ಮಳೆಗಾಲ ಕಳೆದ ಮೇಲೆ ಫ್ಯಾನು ಸುಮ್ನೆ ನಿಂತಿರ್ತಾವೆ, ಮೆಥನಾಲ್ ರಿಯಾಕ್ಟರ್ ಆದ್ರೆ 200ರಿಂದ 300 ಡಿಗ್ರಿಯಲ್ಲಿ, ನಮ್ಮ ಸುತ್ತಲ ಗಾಳಿಯ ಒತ್ತಡಕ್ಕಿಂತ 50ರಿಂದ 100 ಪಟ್ಟು ಒತ್ತಡದಲ್ಲಿ ಒಂದೇ ಸಮ ಓಡೋಕೆ ಇಷ್ಟಪಡುತ್ತೆ, ಆಗಾಗ ನಿಲ್ಲಿಸಿ ಶುರು ಮಾಡಿದ್ರೆ ಕ್ಯಾಟಲಿಸ್ಟ್ ಬೇಗ ಕೆಡುತ್ತೆ. ಅದಕ್ಕೆ ಹೈಡ್ರೋಜನ್ ಕೂಡಿಡೋ ಟ್ಯಾಂಕ್ ಬೇಕು, ಅದು ದುಬಾರಿ. ಇನ್ನೊಂದು ನೇರ ಮಾತು: 10,000 ಯೂನಿಟ್ ಹಾಕಿ ಮಾಡಿದ ಮೆಥನಾಲನ್ನ ಉರಿಸಿದ್ರೆ ಬರೋ ಶಾಖ 5,500 ಯೂನಿಟ್ಟಿನಷ್ಟು. ಅರ್ಧಕ್ಕರ್ಧ ಹೋಯ್ತು. ಹಂಗಾಗಿ ಆ ಕರೆಂಟ್ ಮೊದಲು ಪಂಪ್‌ಸೆಟ್ಟಿಗೆ, ಮನೆಗೆ ಹೋಗ್ಲಿ ಅನ್ನೋನು ನಾನು, ಗ್ರಿಡ್ ತಗೊಳ್ಳಲ್ಲ ಅಂತ ಫ್ಯಾನು ನಿಲ್ಲಿಸೋ ದಿನಗಳಲ್ಲಿ ಹೆಚ್ಚಾದದ್ದನ್ನ ಇದಕ್ಕೆ ಹಾಕ್ಲಿ, ಮೆಥನಾಲನ್ನೂ ಉರಿಸೋಕಿಂತ ಹೆಚ್ಚಾಗಿ ಕೆಮಿಕಲ್ಲಿಗೆ ಬಳಸ್ಲಿ.

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ. ಕ್ಯಾಟಲಿಸ್ಟ್ ಅಂದ್ರೆ ಹೆಪ್ಪು ಹಾಕಿದಂಗೆ ಅಂತ ಟ್ಯೂಷನ್ನಲ್ಲಿ ಹೇಳಿದ್ರು. ಸಿಓಟುಗೆ ತಾಮ್ರನೇ ಯಾಕೆ ಬೇಕು, ಕಬ್ಬಿಣ ಯಾಕೆ ಆಗಲ್ಲ? ಇದನ್ನ ಮುಂದೆ ಓದೋಕೆ ಫಾರಿನ್ನಿಗೇ ಹೋಗ್ಬೇಕಾ?
ವಿದ್ಯಾರ್ಥಿನಿ, ಹೊಳಲ್ಕೆರೆ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ನಿಂದೇ ತಂಗಿ. ಹೆಪ್ಪಿನ ಉದಾಹರಣೆ ನಾನೂ ಕ್ಲಾಸಲ್ಲಿ ಎಷ್ಟೋ ವರ್ಷ ಕೊಟ್ಟಿದೀನಿ, ಈಗ ಕೊಡಲ್ಲ. ಹೆಪ್ಪಲ್ಲಿರೋದು ಜೀವಾಣು, ಅವು ಹಾಲಿನ ಸಕ್ಕರೆ ತಿಂದು ಬೆಳೀತಾವೆ, ಒಂದು ಚಮಚ ಹಾಕಿದ್ದು ಬೆಳಗ್ಗೆ ಪಾತ್ರೆ ತುಂಬಾ ಆಗಿರುತ್ತೆ. ಕ್ಯಾಟಲಿಸ್ಟ್ ಬೆಳೆಯಲ್ಲ, ಎಷ್ಟು ಹಾಕಿದ್ವೋ ಅಷ್ಟೇ ಇರುತ್ತೆ. ಆ ಜೀವಾಣುವಿನ ಒಳಗಿರೋ ಎನ್‌ಜೈಮ್ ಇದೆಯಲ್ಲ, ಅದನ್ನ ಕ್ಯಾಟಲಿಸ್ಟ್ ಅಂದ್ರೆ ಸರಿ.

ತಾಮ್ರ ಯಾಕೆ? ಕ್ಯಾಟಲಿಸ್ಟ್ ಲೋಹ ಬಂದ ಅಣುವನ್ನ ಹಿಡ್ಕೋಬೇಕು, ಕೆಲಸ ಆದ ಮೇಲೆ ಬಿಡ್ಲೂಬೇಕು. ಹಿಡಿತ ಸಡಿಲ ಆದ್ರೆ ಕೆಲಸ ಆಗೋ ಮುಂಚೆನೇ ಹಾರಿ ಹೋಗುತ್ತೆ, ಬಿಗಿಯಾದ್ರೆ ಅಲ್ಲೇ ಅಂಟ್ಕೊಂಡು ಮುಂದಿನದಕ್ಕೆ ಜಾಗ ಸಿಗಲ್ಲ. ಪಾಲ್ ಸಬಾಟಿಯೇ ಅನ್ನೋ ಫ್ರೆಂಚ್ ವಿಜ್ಞಾನಿ ಹೇಳಿದ ಮಾತು ಇದು, 1912ರಲ್ಲಿ ನೊಬೆಲ್ ಬಂತು ಅವರಿಗೆ. ಅವರೇ ನಿಕ್ಕಲ್ ಮೇಲೆ ಸಿಓಟು, ಹೈಡ್ರೋಜನ್ ಹಾಯಿಸಿ ಮೀಥೇನ್ ಮಾಡಿ ತೋರಿಸಿದ್ದು, ಅದೇ ಕ್ರಿಯೆಯನ್ನ ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳು ಉಸಿರಾಡಿ ಬಿಟ್ಟ ಸಿಓಟುನಿಂದ ನೀರು ವಾಪಸ್ ಪಡೆಯೋಕೆ ಬಳಸಿದಾರೆ. ನಿಕ್ಕಲ್ ಆಕ್ಸಿಜನ್ನನ್ನ ಪೂರ್ತಿ ಕಿತ್ತು ಮೀಥೇನ್‌ವರೆಗೂ ಎಳ್ಕೊಂಡು ಹೋಗುತ್ತೆ. ತಾಮ್ರ, ಸತುವಿನ ಆಕ್ಸೈಡ್ ಜೊತೆ ಕೂತಾಗ, ಒಂದು ಆಕ್ಸಿಜನ್ ಉಳಿಸಿ ಮೆಥನಾಲಲ್ಲಿ ನಿಲ್ಲಿಸುತ್ತೆ. ಕಬ್ಬಿಣ ಹಾಕಿದ್ರೆ ಕಾರ್ಬನ್ನಿಗೆ ಕಾರ್ಬನ್ ಜೋಡಿಸಿ ಉದ್ದುದ್ದ ಸರ ಮಾಡುತ್ತೆ, ಪೆಟ್ರೋಲಿನ ಜಾತಿಯವು. ಕಬ್ಬಿಣ ಆಗಲ್ಲ ಅಂತಲ್ಲ, ಅದು ಮಾಡೋ ವಸ್ತು ಬೇರೆ ಅಷ್ಟೇ. ಇನ್ನು ಕರೆಂಟನ್ನ ನೇರ ಲೋಹದ ತಗಡಿಗೆ ಕೊಟ್ಟು ನೀರಲ್ಲಿ ಕರಗಿದ ಸಿಓಟುನ ಬದಲಿಸೋ ದಾರಿನೂ ಇದೆ. ಅಲ್ಲಿ ಬೆಳ್ಳಿ ಇಟ್ರೆ ಕಾರ್ಬನ್ ಮೋನಾಕ್ಸೈಡ್, ತವರ ಇಟ್ರೆ ಫಾರ್ಮಿಕ್ ಆಸಿಡ್ (ರಬ್ಬರ್ ಹಾಲು ಗಟ್ಟಿ ಮಾಡೋಕೆ ಹಾಕ್ತಾರಲ್ಲ, ಅದೇ), ತಾಮ್ರ ಇಟ್ರೆ ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನ್‌ವರೆಗೂ ಹೋಗುತ್ತೆ. ಜಪಾನಿನ ಯೋಶಿಯೋ ಹೋರಿ 1980ರ ದಶಕದಲ್ಲಿ ಇದನ್ನ ತೋರಿಸಿದ್ರು. ತಾಮ್ರ ಒಂದೇ ವಸ್ತು ಮಾಡಲ್ಲ, ಹತ್ತಾರು ಬೆರೆಸಿ ಕೊಡುತ್ತೆ, ಬೇಕಾದ್ದನ್ನ ಮಾತ್ರ ಮಾಡಿಸೋದು ಹೆಂಗೆ ಅನ್ನೋದು ಇನ್ನೂ ಬಗೆಹರಿದಿಲ್ಲ. ನಿನ್ನ ವಯಸ್ಸಿನೋರಿಗೆ ಉಳಿದಿರೋ ಕೆಲಸ ಅದು.

ಫಾರಿನ್ನಿಗೆ ಹೋಗ್ಲೇಬೇಕು ಅಂತೇನಿಲ್ಲ. ಹೊಳಲ್ಕೆರೆಯಿಂದ ಬಸ್ಸು ಹತ್ತಿದ್ರೆ ಬೆಂಗಳೂರಿನ ಜಕ್ಕೂರು ಎಷ್ಟು ದೂರ? ಅಲ್ಲಿನ ಜವಾಹರಲಾಲ್ ನೆಹರು ಸೆಂಟರ್‌ನಲ್ಲಿ ಪ್ರೊಫೆಸರ್ ಸೆಬಾಸ್ಟಿಯನ್ ಪೀಟರ್ ಅವರ ತಂಡ ಸಿಓಟುನ ಮೆಥನಾಲ್ ಮಾಡೋ ಕ್ಯಾಟಲಿಸ್ಟ್ ಮೇಲೆ ಕೆಲಸ ಮಾಡಿ ಬ್ರೀದ್ ಅನ್ನೋ ಕಂಪನಿನೂ ಕಟ್ಟಿದ್ರು, 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಅನ್ನೋ ಜಾಗತಿಕ ಸ್ಪರ್ಧೆಯಲ್ಲಿ ಫೈನಲ್ಲಿಗೆ ಬಂದ ತಂಡಗಳಲ್ಲಿ ಅದೂ ಒಂದು. ಮೊದಲು ಬಿಎಸ್ಸಿ ಕೆಮಿಸ್ಟ್ರಿ ಗಟ್ಟಿ ಮಾಡ್ಕೋ, ಫಿಸಿಕ್ಸು ಗಣಿತ ಬಿಡಬೇಡ.

ಅದಕ್ಕೂ ಮೊದಲು ಈ ಭಾನುವಾರ ಒಂದು ಕೆಲಸ ಮಾಡು. ಮೆಡಿಕಲ್ ಶಾಪಲ್ಲಿ ಗಾಯ ತೊಳೆಯೋಕೆ ಕೊಡೋ ಹೈಡ್ರೋಜನ್ ಪೆರಾಕ್ಸೈಡ್ ಒಂದು ಸಣ್ಣ ಬಾಟ್ಲಿ ತಗೋ, ಗಾಜಿನ ಲೋಟಕ್ಕೆ ಎರಡು ಬೆರಳು ಹಾಕು, ಕಣ್ಣಿಗೆ ಸಿಡಿಯದಂಗೆ ನೋಡ್ಕೋ. ಸುಮ್ನೆ ಇಟ್ರೆ ಏನೂ ಆಗಲ್ಲ. ಹಸಿ ಆಲೂಗಡ್ಡೆದು ಒಂದು ತೆಳು ಹೋಳು ಬಿಡು. ಹೋಳಿನ ಮೈಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ನೋಡ್ತಾ ನೋಡ್ತಾ ಬಿಳಿ ನೊರೆ ಲೋಟದಲ್ಲಿ ಮೇಲೇರುತ್ತೆ. ಊದುಬತ್ತಿ ಕೆಂಡ ನೊರೆ ಹತ್ರ ಹಿಡಿದ್ರೆ ಕೆಂಡ ಬೆಳ್ಳಗೆ ಹೊಳೆಯುತ್ತೆ, ಬರ್ತಿರೋದು ಆಕ್ಸಿಜನ್. ಗುಳ್ಳೆ ನಿಂತ ಮೇಲೆ ಅದೇ ಹೋಳನ್ನ ತೊಳೆದು ಹೊಸ ಪೆರಾಕ್ಸೈಡಿಗೆ ಹಾಕು, ಮತ್ತೆ ನೊರೆ ಬರುತ್ತೆ. ಆಮೇಲೆ ಇನ್ನೊಂದು ಹೋಳನ್ನ ಹತ್ತು ನಿಮಿಷ ಚೆನ್ನಾಗಿ ಬೇಯಿಸಿ, ಆರಿಸಿ ಹಾಕು. ಏನಾಗುತ್ತೆ ಅಂತ ನಾನು ಹೇಳಲ್ಲ, ಏನಾಯ್ತು, ಯಾಕಾಯ್ತು ಅಂತ ನೀನೇ ಬರೆದು ಕಳಿಸು, ಮುಂದಿನ ತಿಂಗಳು ನಿನ್ನ ಪತ್ರಾನೇ ಮೊದಲು ಹಾಕ್ತೀನಿ.